ಜನವರಿಯಲ್ಲಿ ಅಂಡಮಾನ್: ದಂಡಿ, ನೀರು, ಅಲ್ಲಿನ ಮಂದಿ. ಫೋಟೊ ತೆಗೆಯೋರು ದಯವಿಟ್ಟು ಹೇಳ್ರಿ

ಸಪ್ತಾಪುರ ಬಾವಿ (ಧಾರವಾಡ)

ಎಲ್ಲಾರಿಗೂ ನಮಸ್ಕಾರ. ಜನವರಿ ಎರಡನೇ ವಾರ ಅಂಡಮಾನಿಗೆ ನಾಲ್ಕು ಮಂದಿ ಹೊಂಟೇವಿ. ಪೋರ್ಟ್ ಬ್ಲೇರ್ 2 ರಾತ್ರಿ, ಹ್ಯಾವ್‌ಲಾಕ್ 2, ನೀಲ್ 1. ಕೈಯಾಗ ಒಂದು ಎಪಿಎಸ್-ಸಿ ಮಿರರ್‌ಲೆಸ್ ಕ್ಯಾಮೆರಾ, 16-50 ಕಿಟ್ ಲೆನ್ಸ್, 50 ಎಂಎಂ ಎಫ್1.8, ಹಗುರನ್ನ ಟ್ರೈಪಾಡ್ ಒಂದು, ಎರಡು ಫೋನ್ ಅವ. ದಂಡಿ ಮತ್ತ ತೆಂಗಿನ ಗಿಡದ ಫೋಟೊ ಹೆಂಗೂ ಬರ್ತಾವ. ಅಲ್ಲಿ ಇರೋ ಮಂದಿ, ಮೀನ ಹಿಡಿಯೋರು, ಸಂತಿಯೊಳಗ ಕೂತವ್ರು, ಇವರ ಫೋಟೊ ಚಲೋ ಬರಬೇಕು, ಅವರಿಗೂ ಕಿರಿಕಿರಿ ಆಗಬಾರದು. ಯಾವ ಹೊತ್ತಿಗೆ ಹೋಗಬೇಕು, ಸೆಟ್ಟಿಂಗ್ ಏನು, ಹೆಂಗ ಕೇಳಬೇಕು, ಉಪ್ಪುಗಾಳಿಗೆ ಕ್ಯಾಮೆರಾ ಹೆಂಗ ಕಾಯಬೇಕು? ಬಿಡಿಸಿ ಹೇಳ್ರಿ.

ಉಣಕಲ್ ಕೆರೆ ದಂಡಿ (ಹುಬ್ಬಳ್ಳಿ)

ಅಕ್ಕಾರ, ಮೊದಲ ತಲ್ಯಾಗಿನ ಗಡಿಯಾರ ಬದಲಿ ಮಾಡ್ಕೋರಿ. ಕೈಗಡಿಯಾರ ನಮ್ಮ ಟೈಮನ್ನ ತೋರಸ್ತೈತಿ, ಆದ್ರ ಸೂರ್ಯನ ಲೆಕ್ಕ ಬ್ಯಾರೆ. ಹುಬ್ಬಳ್ಳಿ 75 ಡಿಗ್ರಿ ರೇಖಾಂಶದ ಹತ್ರ ಐತಿ, ಪೋರ್ಟ್ ಬ್ಲೇರ್ 92.7ರ ಹತ್ರ. ಡಿಗ್ರಿಗೆ 4 ನಿಮಿಷ ಹಿಡದ್ರ ಅಲ್ಲಿ ಸೂರ್ಯ ನಮಗಿಂತ ಸುಮಾರು 70 ನಿಮಿಷ ಮುಂದ. ಜನವರಿ ನಡುವ ನಮ್ಮಲ್ಲಿ ಹೊತ್ತು ಹುಟ್ಟೋದು 7ಕ್ಕ, ಮುಳುಗೋದು 6.15 ದಾಟಿದ ಮ್ಯಾಲ. ಅಲ್ಲಿ 5.45ರ ಸುಮಾರಿಗೆ ಹುಟ್ಟಿ 5.15ಕ್ಕ ಮುಳುಗಿ ಬಿಡತೈತಿ. ನೆತ್ತಿ ಮ್ಯಾಲೆ ಬರೋದು 11.30ಕ್ಕ.

ಭಾಳ ಮಂದಿ ಎಡವೋದು ಇಲ್ಲೇ. ಮಧ್ಯಾಹ್ನ ಉಂಡು, ಒಂದು ನಿದ್ದಿ ಮಾಡಿ, ಐದಕ್ಕ ಚಾ ಕುಡದು ದಂಡಿಗೆ ಹೋದ್ರ ಆಟ ಮುಗದಿರತೈತಿ. ಚಲೋ ಬಂಗಾರ ಬಣ್ಣದ ಬೆಳಕು ಸಂಜೀ 4ರಿಂದ 5.10ರ ತನಕ, ಅದಾದ ಮ್ಯಾಲೆ 20 ನಿಮಿಷ ನೀಲಿ ಬೆಳಕು. ಹ್ಯಾವ್‌ಲಾಕಿನ ರಾಧಾನಗರ ದಂಡಿ ಪಡುವಣಕ್ಕ ಮುಖ ಮಾಡೇತಿ, ಸೂರ್ಯಾಸ್ತಕ್ಕ ಅದ ಜಾಗ. ಜೆಟ್ಟಿಯಿಂದ 12 ಕಿಲೋಮೀಟರಿನಷ್ಟು ದೂರ, ಹಂಗಾಗಿ 3.30ಕ್ಕ ಬಿಡ್ರಿ. ವಿಜಯನಗರ, ಕಾಲಾಪತ್ಥರ್ ಎರಡೂ ಮೂಡಲಕ್ಕ ಅದಾವ. ಅಲ್ಲಿಗೆ 5.20ಕ್ಕ ಹೋಗಿ ನಿಂತಿರಬೇಕು. ನೀಲ್‌ನಾಗ ಮುಂಜಾನೆ ಸೀತಾಪುರ, ಸಂಜೀ ಲಕ್ಷ್ಮಣಪುರ.

ಇನ್ನೊಂದು ಮಾತು. 2018ರ ಡಿಸೆಂಬರದಾಗ ಹ್ಯಾವ್‌ಲಾಕಿಗೆ ಸ್ವರಾಜ್ ದ್ವೀಪ ಅಂತ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರು ಬದಲಿ ಮಾಡ್ಯಾರ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ಮ್ಯಾಲೆ ಯಾವ ಹೆಸರು ಬಂದ್ರೂ ಗಾಬರಿ ಆಗಬ್ಯಾಡ್ರಿ.

ಬ್ಯಾಡಗಿ ಕೆಂಪು (ಹಾವೇರಿ ಜಿಲ್ಲೆ)

ಬೆಳಕಿನ ಅಳತಿ ಬಗ್ಗೆ ನಾನು ಹೇಳ್ತೇನಿ. ಕ್ಯಾಮೆರಾದ ಮೀಟರ್ ಏನ್ ನೋಡಿದ್ರೂ ಅದನ್ನ ನಡುವಿನ ಬೂದಿ ಬಣ್ಣ ಅಂತ ತಿಳೀತೈತಿ. ಬಿಳೀ ಉಸುಕು ಚೌಕಟ್ಟು ತುಂಬಿದ್ರ ಅದನ್ನೂ ಬೂದಿ ಮಾಡತೈತಿ, ಅದರ ಮ್ಯಾಲೆ ನಿಂತವ್ರ ಮುಖ ಕರ್ರಗ ಆಗತೈತಿ. ಹಿಂಗಾಗಿ ಅಪರ್ಚರ್ ಮೋಡ್‌ನಾಗ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೊದ ಬೆಳಕು ಏರಿಸಿ ಇಳಿಸೋ ಸೆಟ್ಟಿಂಗ್) +1ಕ್ಕ ಇಟ್ಟು ಒಂದು ಫೋಟೊ ಹೊಡೀರಿ, ಹಿಸ್ಟೋಗ್ರಾಮ್ (ಪರದೆ ಮ್ಯಾಲೆ ಬರೋ ಬೆಳಕಿನ ನಕ್ಷೆ, ಎಡಕ್ಕ ಕತ್ತಲಿ, ಬಲಕ್ಕ ಬೆಳಕು) ನೋಡ್ರಿ. ಬಲಗಡೆ ಗ್ವಾಡಿಗೆ ಹತ್ತಿ ನಿಂತಿತ್ತಂದ್ರ +0.7ಕ್ಕ ಇಳಸ್ರಿ, ಇನ್ನೂ ಜಾಗ ಇತ್ತಂದ್ರ +1.3. ರಾ (ಕ್ಯಾಮೆರಾ ಹಿಡಿದ ಕಚ್ಚಾ ಕಡತ) ಮತ್ತ ಜೆಪೆಗ್ ಎರಡೂ ಇಟ್ಕೋರಿ. ರಾ ಕಡತದಾಗ ಕತ್ತಲಿಂದ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರ ಎರಡು ಪಟ್ಟು ಬೆಳಕು) ಮ್ಯಾಲೆ ಎಬ್ಬಿಸಬಹುದು, ಪೂರಾ ಬೆಳ್ಳಗ ಸುಟ್ಟಿದ್ದು ಮಾತ್ರ ತಿರುಗಿ ಬರಂಗಿಲ್ಲ.

ಫೋನ್‌ನಾಗ ಆದ್ರ ಮುಖದ ಮ್ಯಾಲೆ ಬೆರಳು ಒತ್ತಿ ಹಿಡದು ಫೋಕಸ್ ಮತ್ತ ಬೆಳಕು ಲಾಕ್ ಮಾಡ್ರಿ, ಆಮ್ಯಾಲೆ ಸೂರ್ಯನ ಗುರುತನ್ನ ಸ್ವಲ್ಪ ಕೆಳಗ ಎಳೀರಿ. ಎಚ್‌ಡಿಆರ್ ತಾನ ಉಳಿದಿದ್ದು ನೋಡ್ಕೊಳ್ಳತೈತಿ. ಮುಖ ತೆಗೆಯುವಾಗ 0.6 (ಅಗಲ ನೋಟದ ಲೆನ್ಸ್) ಬ್ಯಾಡ್ರಿ, ಅಂಚಿನಾಗಿದ್ದವ್ರ ತಲಿ ಜಗ್ಗಿದಂಗ ಕಾಣತೈತಿ. 2 ಪಟ್ಟು ಇಟ್ಟು ಒಂದೂವರೆ ಮೀಟರ್ ದೂರ ನಿಂದ್ರಿ.

ಹೋಗೋಕಿಂತ ಮೊದಲು ಇಲ್ಲೇ ಕೈ ಪಳಗಿಸ್ಕೋರಿ. ಅಮರಗೋಳ ಎಪಿಎಂಸಿಗೆ ಹತ್ತಿ ಬರೋ ದಿನ ಹತ್ತರ ಬಿಸಿಲಿಗೆ ಹೋಗ್ರಿ. ಬಿಳೀ ಹತ್ತಿ ರಾಶಿ, ಅದರ ಮುಂದ ಬಿಸಿಲಾಗ ದುಡದ ಕರೀ ಮುಖ. ಅಂಡಮಾನಿನ ದಂಡಿ ಮ್ಯಾಲೆ ಬರೋದೂ ಇದ ತೊಡಕು. ಬ್ಯಾಡಗಿ ಮಾರುಕಟ್ಟಿಗೆ ಬಂದ್ರ ಇನ್ನೊಂದು ಕಲೀತೀರಿ: ಮೆಣಸಿನಕಾಯಿ ರಾಶಿಯೊಳಗ ಒಟ್ಟು ಹಿಸ್ಟೋಗ್ರಾಮ್ ಸರಿ ಕಂಡ್ರೂ ಕೆಂಪು ಚಾನೆಲ್ ಒಂದ ತುಂಬಿ ಹರಿದಿರತೈತಿ, ಕಾಯಿ ಮ್ಯಾಲಿನ ಸುಕ್ಕು ಎಲ್ಲಾ ಅಳಿಸಿ ಹೋಗಿರತೈತಿ. ಮೂರೂ ಬಣ್ಣದ ಹಿಸ್ಟೋಗ್ರಾಮ್ ಬ್ಯಾರೆಬ್ಯಾರೆ ನೋಡೋ ರೂಢಿ ಇಟ್ಕೋರಿ. ಅಲ್ಲಿ ಸೂರ್ಯಾಸ್ತದಾಗೂ ಹಿಂಗ ಆಗತೈತಿ.

ಉಣಕಲ್ ಕೆರೆ ದಂಡಿ (ಹುಬ್ಬಳ್ಳಿ)

ಅಣ್ಣಾರ ಹೇಳಿದ್ದು ಖರೇ ಐತಿ. ನನ್ನ ಕೇಳಿದ್ರ ಒಂಬತ್ತರಿಂದ ಮೂರರ ತನಕ ಕ್ಯಾಮೆರಾ ಚೀಲದಾಗ ಇಡೋದ ಚಲೋ. ಆ ಬಿಸಿಲಿಗೆ ಏನೂ ಚಲೋ ಬರಂಗಿಲ್ಲ.

ರಾಣೆಬೆನ್ನೂರು ಕೃಷ್ಣಮೃಗ

ಇದನ್ನು ಒಪ್ಪಲು ಆಗುವುದಿಲ್ಲ, ಸರ್. ಮುಖಕ್ಕೆ ಆ ಬೆಳಕು ಕೆಟ್ಟದ್ದು, ನಿಜ. ಆದರೆ ನೀರಿನ ಹಸಿರು-ನೀಲಿ ಬಣ್ಣ ಕಾಣುವುದೇ ಸೂರ್ಯ ಮೇಲಿದ್ದಾಗ. ಬೆಳಕು ನೀರಿನೊಳಗೆ ಇಳಿದು, ಕೆಳಗಿನ ಬಿಳಿ ಉಸುಕಿಗೆ ತಾಗಿ ಮರಳಿ ಬರಬೇಕು. ಬರುವ ದಾರಿಯಲ್ಲಿ ನೀರು ಕೆಂಪನ್ನು ಹೀರಿಕೊಳ್ಳುತ್ತದೆ, ಉಳಿದದ್ದು ಆ ಬಣ್ಣ. ಸೂರ್ಯ ಕೆಳಗಿದ್ದರೆ ಬೆಳಕಿನ ಬಹುಪಾಲು ಮೇಲ್ಮೈಯಿಂದಲೇ ಜಾರಿಹೋಗುತ್ತದೆ, ನೀರು ಬೂದು ಬೂದಾಗಿ ಕಾಣುತ್ತದೆ. ನೀಲ್‌ನ ಭರತಪುರ ದಂಡೆಗೆ ಬೆಳಿಗ್ಗೆ 9.30ರಿಂದ 12.30ರೊಳಗೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ.

ಅಲ್ಲಿ ಸರ್ಕ್ಯುಲರ್ ಪೋಲರೈಸರ್ (ಹೊಳಪು ತಗ್ಗಿಸುವ, ಲೆನ್ಸ್ ಮುಂದೆ ಹಾಕುವ ಫಿಲ್ಟರ್) ಇದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಿಟ್ ಲೆನ್ಸಿನ ಮುಂಭಾಗದಲ್ಲಿ ವ್ಯಾಸದ ಗುರುತಿನ ಪಕ್ಕ ಬರೆದಿರುವ ಅಂಕಿಯ ಗಾತ್ರದ್ದನ್ನೇ ಕೊಳ್ಳಿ. ನೀರಿನ ಮೇಲ್ಮೈಯನ್ನು ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಹೊಳಪು ಅತಿ ಹೆಚ್ಚು ಕಡಿಮೆಯಾಗುತ್ತದೆ. ಬೆರಳಲ್ಲಿ ಉಂಗುರ ತಿರುಗಿಸುತ್ತಾ ಪರದೆ ನೋಡಿ, ತಳದ ಹವಳ ಎದ್ದು ಕಂಡ ಕಡೆ ನಿಲ್ಲಿಸಿ. ಬೆಳಕು ಒಂದೂವರೆಯಿಂದ ಎರಡು ಸ್ಟಾಪ್ ಕಡಿಮೆಯಾಗುತ್ತದೆ, ಆ ಬಿಸಿಲಲ್ಲಿ ಅದೇನೂ ತೊಂದರೆಯಲ್ಲ. ಆದರೆ 16 ಎಂಎಂ ತುದಿಯಲ್ಲಿ ಆಕಾಶ ಸೇರಿಸಿದರೆ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿ ಎಂದು ಪಟ್ಟೆ ಬೀಳುತ್ತದೆ, ಏಕೆಂದರೆ ಪೋಲರೈಸರ್ ಹೆಚ್ಚು ಕೆಲಸ ಮಾಡುವುದು ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದ ಮೇಲೆ ಮಾತ್ರ. 24 ಎಂಎಂಗಿಂತ ಒಳಗೆ ಹೋಗಬೇಡಿ, ಇಲ್ಲವೇ ಆಕಾಶ ಕಡಿಮೆ ಇಡಿ. ಸಂಜೆ ಅದನ್ನು ಬಿಚ್ಚಿಡಿ. ಫೋನಿನ ಲೆನ್ಸ್ ಮುಂದೆ ಕೈಯಲ್ಲಿ ಹಿಡಿದರೂ ಇದೇ ಫಲ ಸಿಗುತ್ತದೆ.

ಉಣಕಲ್ ಕೆರೆ ದಂಡಿ (ಹುಬ್ಬಳ್ಳಿ)

ಹೌದ್ರಿ ಸರ್, ನೀರಿನ ಬಣ್ಣದ ಮಾತು ನಾನು ಬಿಟ್ಟಿದ್ದೆ, ತಿದ್ಕೋತೇನಿ. ಹಂಗಾದ್ರ ದಿನದ ಹಂಚಿಕಿ ಹಿಂಗ ಆಗಲಿ: ಮುಂಜಾನೆ 5.20ರಿಂದ 8ರ ತನಕ ಮಂದಿ ಮತ್ತ ದೋಣಿ, ಹತ್ತರಿಂದ ಹನ್ನೆರಡು ನೀರು, ನಾಲ್ಕರ ಮ್ಯಾಲೆ ಮತ್ತ ಮಂದಿ, ಸೂರ್ಯಾಸ್ತ.

ಉಬ್ಬರ ಇಳಿತದ ಲೆಕ್ಕಾನೂ ಇಟ್ಕೋರಿ. ನೀಲ್‌ನ ಕಲ್ಲಿನ ಕಮಾನು, ನ್ಯಾಚುರಲ್ ಬ್ರಿಜ್ ಅಂತಾರಲ್ಲ, ಅಲ್ಲಿಗೆ ನೀರು ಇಳಿದಾಗ ಅಷ್ಟ ನಡದು ಹೋಗಾಕ ಬರತೈತಿ. ಮನಿ ಗ್ವಾಡಿ ಮ್ಯಾಲಿನ ತಿಥಿ ಕ್ಯಾಲೆಂಡರ್ ನೋಡ್ರಿ. ಅಮಾಸಿ, ಹುಣ್ಣಿವಿ ಆಜೂಬಾಜೂ ನೀರು ಭಾಳ ಏರತೈತಿ, ಭಾಳ ಇಳೀತೈತಿ. ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮಿ, ಕಲ್ಲೆಲ್ಲಾ ಪೂರಾ ಬರಿದಾಗಂಗಿಲ್ಲ. ಒಂದು ಇಳಿತದಿಂದ ಇನ್ನೊಂದಕ್ಕ 12 ತಾಸು 25 ನಿಮಿಷ, ಹಂಗಾಗಿ ಇವತ್ತಿನ ಟೈಮಿಗಿಂತ ನಾಳೆ 50 ನಿಮಿಷ ತಡ. ಸರಿಯಾದ ಟೈಮ್ ಹೋಟೆಲ್ಲಿನವ್ರ ಕಡೆ ಇಲ್ಲಾ ದೋಣಿಯವ್ರ ಕಡೆ ಕೇಳ್ರಿ. ಇಳಿತಕ್ಕ ಒಂದು ತಾಸು ಮೊದಲ ಹೋಗಿ, ನೀರು ತಿರುಗಿ ಏರಾಕ ಹತ್ತೋಕಿಂತ ಮೊದಲು ಹೊಳ್ಳಿ ಬರ್ರಿ. ಹವಳದ ಕಲ್ಲು ಚೂಪು ಮತ್ತ ಜಾರಿಕಿ. ವಯಸ್ಸಾದವ್ರು ಇದ್ರ ದಂಡಿ ಮ್ಯಾಲೆ ಕುಂದ್ರಸ್ರಿ.

ಬೆಟಗೇರಿ ಮಗ್ಗ (ಗದಗ)

ಅಕ್ಕಾರ ಮಂದಿ ಫೋಟೊ ಕೇಳ್ಯಾರ, ಎಲ್ಲಾರೂ ಬಿಸಿಲು ನೀರು ಅಂತ ಹೇಳಾಕತ್ತೀರಿ. ಅದಕ್ಕ ಬರೋಣ.

ಮೊದಲು ಆ ಮಂದಿ ಯಾರು ಅನ್ನೋದು ತಿಳ್ಕೋರಿ. ಹ್ಯಾವ್‌ಲಾಕ್, ನೀಲ್ ಎರಡರಾಗೂ ಊರು ಕಟ್ಟಿದವ್ರು ಹೆಚ್ಚಾಗಿ ದೇಶ ಒಡದ ಮ್ಯಾಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು, ಈಗ ಇರೋರು ಅವರ ಮಕ್ಕಳು ಮೊಮ್ಮಕ್ಕಳು. ಅದಕ್ಕ ಹ್ಯಾವ್‌ಲಾಕಿನ ಊರುಗಳ ಹೆಸರು ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ನೀಲ್‌ನಾಗ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಪೋರ್ಟ್ ಬ್ಲೇರ್‌ನಾಗ ತಮಿಳರು, ತೆಲುಗರು, ರಾಂಚಿ ಕಡೆಯಿಂದ ದುಡಿಯಾಕ ಬಂದವ್ರು, ಹಳೇ ಕೈದಿಗಳ ವಂಶದವ್ರು ಎಲ್ಲಾ ಕೂಡಿರ್ತಾರ. ಎಲ್ಲಾರೂ ಹಿಂದಿ ಮಾತಾಡ್ತಾರ. ಆದ್ರ ನಾಕು ಮಾತು ಬಂಗಾಳಿ ಕಲತು ಹೋದ್ರ ಮುಖ ಅರಳತೈತಿ. ಗಂಡಸರಿಗೆ ದಾದಾ (ನಮ್ಮ ಕಡೆ ಅರ್ಥ ಬಿಡ್ರಿ, ಅಲ್ಲಿ ಅಣ್ಣ), ಹೆಣ್ಮಕ್ಕಳಿಗೆ ದೀದಿ, ವಯಸ್ಸಾದ ಹೆಣ್ಮಕ್ಕಳಿಗೆ ಮಾಶಿ. ‘ಕೇಮೋನ್ ಆಛೇನ್’ ಅಂದ್ರ ಹೆಂಗಿದೀರಿ. ‘ಛೋಬಿ ತುಲ್ತೇ ಪಾರಿ?’ ಅಂದ್ರ ಫೋಟೊ ತೆಗೀಬಹುದೇನು.

ಈಗ ಮುಖ್ಯ ಮಾತು. ಒಂದ ಜಾಗಕ್ಕ ಎರಡು ಸಲ ಹೋಗ್ರಿ. ಹ್ಯಾವ್‌ಲಾಕಿಗೆ ಮುಟ್ಟಿದ ದಿನ ಮಧ್ಯಾಹ್ನ ಗೋವಿಂದನಗರದ ಬಜಾರಿಗೆ ಕ್ಯಾಮೆರಾ ಚೀಲದಾಗಿಟ್ಟು ಹೋಗ್ರಿ. ಎಳನೀರು ಕುಡೀರಿ, ಬಾಳಿಹಣ್ಣು ತಗೋರಿ, ಮೀನು ಯಾವುದು, ಎಷ್ಟೊತ್ತಿಗೆ ಬರತೈತಿ ಅಂತ ಕೇಳ್ರಿ. ನಾಳೆ ಮುಂಜಾನೆ ಬರ್ತೇವಿ, ಫೋಟೊ ತೆಗೀಬಹುದೇನು ಅಂತ ಅವತ್ತ ಕೇಳಿ ಬಿಡ್ರಿ. ಮರುದಿನ ನೀವು ಹೋದಾಗ ನೀವು ಗುರ್ತಿನವ್ರು. ಒಂದ ದಿನಕ್ಕ ಐದು ಜಾಗ ಓಡ್ಯಾಡಿದ್ರ ಇದು ಆಗಂಗಿಲ್ಲ, ಅದಕ್ಕ ಪ್ಯಾಕೇಜಿನವ್ರು ಕೊಟ್ಟ ಪಟ್ಟಿಯೊಳಗಿಂದ ಎರಡು ಜಾಗ ಧೈರ್ಯ ಮಾಡಿ ತಗದು ಹಾಕ್ರಿ.

ಕೇಳಿದಾಗ ಬಾಯಿಲೆ ಹೂಂ ಅಂದು ಮುಖ ಆ ಕಡೆ ತಿರುಗಿಸಿದ್ರ ಅದು ಬ್ಯಾಡ ಅಂತ. ಬಿಟ್ಟುಬಿಡ್ರಿ. ಒಪ್ಪಿದವ್ರು ಮೊದಲ ಫೋಟೊಕ್ಕ ಸೆಟದು ನಿಂದ್ರತಾರ, ಆಧಾರ್ ಕಾರ್ಡಿಗೆ ನಿಂತಂಗ. ಅದನ್ನೂ ತೆಗೀರಿ, ತೆಗದು ಪರದೆ ಅವರಿಗೆ ತೋರಸ್ರಿ. ಆಮ್ಯಾಲೆ ‘ನಿಮ್ಮ ಕೆಲಸ ಮಾಡ್ಕೋತ ಇರ್ರಿ’ ಅನ್ರಿ. ಬಲಿ ಹೊಲಿಯೋ ಕೈ, ಮೀನು ಕೊಯ್ಯೋ ಕೈ, ತಕ್ಕಡಿ, ಇವು ಬರೋದು ಆಗ. ಬಲಿ ಹೊಲಿಯೋ ಕೈಗೆ ಶಟರ್ 1/250 ಸೆಕೆಂಡ್, ಮೀನು ಕೊಯ್ಯೋದಕ್ಕ 1/500, ಎಫ್4, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ ಇಟ್ಟು ಮ್ಯಾಲಿನ ಮಿತಿ 3200. 50 ಎಂಎಂ ಲೆನ್ಸ್ ನಿಮ್ಮ ಕ್ಯಾಮೆರಾದಾಗ 75ರಂಗ ಕೆಲಸ ಮಾಡತೈತಿ, ಮುಖಕ್ಕ ಹೇಳಿ ಮಾಡಿಸಿದ್ದು.

ಹೆಣ್ಮಕ್ಕಳ ಫೋಟೊಕ್ಕ ಆ ಹೆಣ್ಮಗಳನ್ನ ಕೇಳಬೇಕು, ಬಾಜೂಕ್ಕ ನಿಂತ ಗಂಡನ್ನಲ್ಲ. ನಿಮ್ಮ ಗುಂಪಿನಾಗಿನ ಹೆಣ್ಮಗಳ ಮಾತಾಡಿದ್ರ ಇನ್ನೂ ಚಲೋ. ಸಣ್ಣ ಹುಡುಗರಿದ್ರ ತಾಯಿ ತಂದಿ ಎದುರಿಗಿರಬೇಕು. ದೋಣಿ ಎಳೆಯುವಾಗ ಹಗ್ಗದ ಮುಂದ ನಿಂದ್ರಬ್ಯಾಡ್ರಿ, ಹಗ್ಗ ಹರದ್ರ ಕಾಲು ಹೋಗತಾವ. ಕೈ ಖಾಲಿ ಇದ್ರ ಒಂದು ತಳ್ಳು ಕೊಡ್ರಿ.

ದುರ್ಗದಬೈಲ್ ಸಂಜಿ (ಹುಬ್ಬಳ್ಳಿ)

ದೂರದಿಂದ 200 ಎಂಎಂ ಜೂಮ್ ಹಾಕಿ ತೆಗದ್ರ ಮುಖ ಸಹಜ ಬರ್ತಾವ, ಕೇಳೋ ತಾಪತ್ರಯನೂ ಇಲ್ಲ. ಹಂಗ ಮಾಡಬಾರದೇನು?

ಬೆಟಗೇರಿ ಮಗ್ಗ (ಗದಗ)

ತಮ್ಮಾ, ಆ ಫೋಟೊದಾಗ ಮುಖ ಇರತೈತಿ, ಕಣ್ಣು ನಿಮ್ಮ ಕಡೆ ಇರಂಗಿಲ್ಲ. ಅವ್ರು ನೋಡಿದ್ರಂದ್ರ ಆ ದಂಡಿ ಮ್ಯಾಲೆ ಆಮ್ಯಾಲೆ ಯಾರೂ ಮಾತಾಡಂಗಿಲ್ಲ, ನಿಮಗೂ ಇಲ್ಲ, ನಿಮ್ಮ ಹಿಂದ ಬರೋರಿಗೂ ಇಲ್ಲ. ಪೂರಾ ದಂಡಿ, ದೋಣಿ, ಅದರಾಗ ಸಣ್ಣಗ ಕಾಣೋ ಮಂದಿ ಇದ್ರ ಅದು ಬ್ಯಾರೆ, ಅದಕ್ಕ ಯಾರನ್ನೂ ಕೇಳೋದು ಬೇಕಾಗಿಲ್ಲ. ಒಬ್ಬರ ಮುಖನ ತೆಗೀತೀರಂದ್ರ ಕೇಳಲೇಬೇಕು.

ಸಪ್ತಾಪುರ ಬಾವಿ (ಧಾರವಾಡ)

ಭಾಳ ಉಪಕಾರ ಆತು. ಎರಡು ಪ್ರಶ್ನೆ. ಫೋಟೊಕ್ಕ ರೊಕ್ಕ ಕೊಡಬೇಕೋ ಬ್ಯಾಡೋ? ಮತ್ತ ನಮ್ಮ ಜೋಡಿ ಬರೋರೊಬ್ರು ಡ್ರೋನ್ ತರ್ತೇನಿ ಅಂತಾರ, ಬಾರಾಟಾಂಗ್ ದ್ವೀಪದ ಕಡೆ ಹೋಗಿ ಜಾರವಾ ಮಂದೀನ್ನ (ಅಲ್ಲಿನ ಕಾಡಿನ ಬುಡಕಟ್ಟಿನವ್ರು) ನೋಡೋಣಂತನೂ ಅಂತಾರ.

ಲಕ್ಕುಂಡಿ ಕಲ್ಲು (ಗದಗ)

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೈಲಿನ ವಿಷಯ. ಜಾರವಾಗಳನ್ನು ನೋಡಲು ಹೋಗುವುದು ಎಂಬುದು ಇಲ್ಲ. ಮೂಲನಿವಾಸಿ ಬುಡಕಟ್ಟುಗಳ ರಕ್ಷಣೆಗೆ 1956ರಲ್ಲಿ ಬಂದ ಕಾಯ್ದೆಯನ್ನು 2012ರಲ್ಲಿ ಇನ್ನಷ್ಟು ಬಿಗಿ ಮಾಡಲಾಗಿದೆ. ಅವರ ಫೋಟೊ, ವಿಡಿಯೊ ತೆಗೆಯುವುದು, ತಿಂಡಿ ಬಟ್ಟೆ ಕೊಡುವುದು, ವಾಹನ ನಿಲ್ಲಿಸುವುದು ಎಲ್ಲವೂ ಅಪರಾಧ. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ, ಕೆಸರು ಜ್ವಾಲಾಮುಖಿ ನೋಡಲು ಹೋಗುವ ರಸ್ತೆ ಅವರ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ಜಿರ್ಕಟಾಂಗ್ ಚೆಕ್‌ಪೋಸ್ಟಿನಿಂದ ನಿಗದಿತ ಹೊತ್ತಿಗೆ ಪೊಲೀಸ್ ಬೆಂಗಾವಲಿನಲ್ಲಿ ವಾಹನಗಳ ಸಾಲು ಹೊರಡುತ್ತದೆ. ಆ ದಾರಿಯುದ್ದಕ್ಕೂ ಕ್ಯಾಮೆರಾ, ಫೋನ್ ಚೀಲದಲ್ಲಿರಲಿ, ಗಾಜು ಮೇಲಿರಲಿ. ಹೊರಗಿನ ಸೋಂಕುಗಳಿಗೆ ಅವರ ದೇಹದಲ್ಲಿ ತಡೆಯಿಲ್ಲ. ದಡಾರ ಬಂದು ಅವರಲ್ಲಿ ಅನೇಕರು ನರಳಿದ್ದು 1999ರಲ್ಲಿ. ಅವರು ನೋಡುವ ವಸ್ತುವಲ್ಲ ಎಂಬುದನ್ನು ನಿಮ್ಮ ಜೊತೆಯವರಿಗೆ ಹೊರಡುವ ಮೊದಲೇ ಸ್ಪಷ್ಟವಾಗಿ ಹೇಳಿ. ಗುಹೆ ಅಷ್ಟು ಮುಖ್ಯವಲ್ಲದಿದ್ದರೆ ಬಾರಾಟಾಂಗ್ ಬಿಡಿ ಎನ್ನುವುದು ನನ್ನ ಸಲಹೆ. ಆ ದಿನವನ್ನು ನೀಲ್‌ಗೆ ಕೊಡಿ.

ಡ್ರೋನ್ ಮನೆಯಲ್ಲಿಡಿ. ಪೋರ್ಟ್ ಬ್ಲೇರಿನ ವಿಮಾನ ನಿಲ್ದಾಣವು ನೌಕಾಪಡೆಯ ಐಎನ್‌ಎಸ್ ಉತ್ಕ್ರೋಶ್ ನೆಲೆಗೆ ಸೇರಿದ ಓಡುಪಥವನ್ನು ಬಳಸುತ್ತದೆ. ದ್ವೀಪಗಳ ತುಂಬ ಸೇನಾ ನೆಲೆಗಳಿವೆ. 250 ಗ್ರಾಂ ಒಳಗಿನದ್ದಕ್ಕೆ ಪೈಲಟ್ ಪರವಾನಗಿ ಬೇಡವೆಂದರೂ ಹಾರಾಟ ನಿಷೇಧದ ವಲಯ ಅದಕ್ಕೂ ಅನ್ವಯಿಸುತ್ತದೆ. ವಿಮಾನದಿಂದ ಇಳಿದು ನಡೆಯುವಾಗಲೂ ಓಡುಪಥದ ಫೋಟೊ ಬೇಡ.

ಹವಳದ ತುಂಡು, ಶಂಖ, ಚಿಪ್ಪು ಯಾವುದನ್ನೂ ಹೆಕ್ಕಿ ತರಬೇಡಿ, ದಂಡೆಯಲ್ಲಿ ಸತ್ತು ಬಿದ್ದಿದ್ದರೂ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಂತಿರುಗುವಾಗ ಚೀಲ ಎಕ್ಸ್-ರೇಯಲ್ಲಿ ಸಿಕ್ಕಿಬೀಳುತ್ತದೆ. ಫೋಟೊಗೆ ಬೇಕೆಂದರೆ ಬಿದ್ದಲ್ಲೇ ತೆಗೆದು ಅಲ್ಲೇ ಬಿಡಿ. ದಂಡೆಯಲ್ಲಿ ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ಟ್ರೈಪಾಡ್ ಹಿಡಿದು ನೀರಿಗಿಳಿಯುವ ಯೋಚನೆ ಬೇಡ. ಉಪ್ಪುನೀರಿನ ಮೊಸಳೆಗಳು ಅಲ್ಲಿ ನಿಜವಾಗಿಯೂ ಇವೆ, ಮುಖ್ಯವಾಗಿ ಮ್ಯಾಂಗ್ರೋವ್ ಕಾಡಿನ ತೊರೆಗಳ ಬಳಿ.

ಬೆಟಗೇರಿ ಮಗ್ಗ (ಗದಗ)

ರೊಕ್ಕದ ಮಾತು. ಹುಡುಗರಿಗೆ ರೊಕ್ಕ, ಚಾಕೊಲೇಟ್ ಎರಡೂ ಬ್ಯಾಡ್ರಿ. ಮುಂದ ಬರೋ ಪ್ರವಾಸಿಗಳ ಹಿಂದ ಓಡೋ ರೂಢಿ ಬೀಳತೈತಿ. ಅಂಗಡಿಯವ್ರ ಕಡೆ ವ್ಯಾಪಾರ ಮಾಡ್ರಿ, ಅದ ಮರ್ಯಾದಿ. ಆದ್ರ ಒಬ್ಬ ಮೀನುಗಾರರು ನಿಮಗಂತ ಒಂದು ತಾಸು ಕೆಲಸ ಬಿಟ್ಟು ದೋಣಿಯೊಳಗ ಕರಕೊಂಡು ಹೋಗ್ಯಾರಂದ್ರ ಅದು ದುಡಿಮಿ. ಕೂಲಿ ಎಷ್ಟು ಅಂತ ಮೊದಲ ಮಾತಾಡಿ, ಮುಗಿದ ಮ್ಯಾಲೆ ಕೊಡ್ರಿ. ಹುಣ್ಣಿವಿ ರಾತ್ರಿ ಬಲಿ ಹಾಕಿ ಬಂದವ್ರಿಗೆ ಮುಂಜಾನೆ ನಿದ್ದಿ ಬೇಕಾಗಿರತೈತಿ, ಅದನ್ನೂ ತಿಳ್ಕೊಂಡು ಕೇಳ್ರಿ.

ಒಂದು ಅರ್ಧ ಕಿಲೋ ಧಾರವಾಡ ಪೇಢಾ ಒಯ್ಯಿರಿ. ಖೋವಾ ಭಾಳ ಹೊತ್ತು ಹುರದು ನೀರಿನ ಪಸಿ ತಗದು ಮಾಡಿದ್ದು, ಅದಕ್ಕ ಪ್ರಯಾಣದಾಗ ತಡೀತೈತಿ, ಆದ್ರೂ ಅಲ್ಲಿನ ಸೆಕೆಗೆ ಡಬ್ಬಿ ಮುಚ್ಚಳ ಬಿಗಿ ಇರಲಿ, ಮೂರ್ನಾಲ್ಕು ದಿನದಾಗ ಮುಗಸ್ರಿ. ಕರದಂಟು ಆದ್ರ ಇನ್ನೂ ಹೆಚ್ಚು ದಿನ ಇರತೈತಿ. ಚಾ ಕುಡಿಯುವಾಗ ಬಿಚ್ಚಿ ಇಡ್ರಿ. ಬಂಗಾಳಿ ಮನಿಯೊಳಗ ಹಾಲಿನ ಸಿಹಿ ಅಂದ್ರ ಪ್ರಾಣ, ಅವರ ಸೊಂದೇಶ್ ಹೆಂಗ ಮಾಡ್ತಾರ, ನಮ್ಮ ಪೇಢಾ ಯಾಕ ಕಂದು ಬಣ್ಣ ಅಂತ ಅಲ್ಲಿಂದನ ಮಾತು ಹತ್ತತೈತಿ. ಫೋಟೊಕ್ಕ ಬದಲಿ ಅಂತ ಮಾತ್ರ ಕೊಡಬ್ಯಾಡ್ರಿ.

ಬ್ಯಾಡಗಿ ಕೆಂಪು (ಹಾವೇರಿ ಜಿಲ್ಲೆ)

ಒಂದು ಮಾತು ಸೇರಸ್ತೇನಿ. ಮುಂಜಾನೆ ಕೆಲಸದಾಗ ಇದ್ದವ್ರು ಹತ್ತರ ಮ್ಯಾಲೆ ಬಿಡುವಾಗಿ ‘ಈಗ ತೆಗೀರಿ’ ಅಂದ್ರ ಆ ಸುಡು ಬಿಸಿಲಾಗ ಏನ್ ಮಾಡಬೇಕು? ನೆರಳಿಗೆ ಕರೀರಿ. ತೆಂಗಿನ ಗಿಡದ ನೆರಳು ಬ್ಯಾಡ, ಅದು ಜರಡಿ ಇದ್ದಂಗ, ಮುಖದ ಮ್ಯಾಲೆ ಬಿಳೀ ಚುಕ್ಕಿ ಬೀಳತಾವ. ದಂಡಿಗುಂಟ ಇರೋ ಸಮುದ್ರ ಮಹುವಾ ಗಿಡದ್ದು ದಟ್ಟ ನೆರಳು. ನೆರಳಿನ ಅಂಚಿನಿಂದ ಎರಡು ಹೆಜ್ಜಿ ಒಳಗ ಅವರನ್ನ ಕುಂದ್ರಸಿ, ಮುಖ ಕಡಲಿನ ಕಡೆ ಮಾಡಸ್ರಿ. ಬಿಸಿಲಿನ್ಯಾಗಿರೋ ಬಿಳೀ ಉಸುಕು ದೊಡ್ಡ ರಿಫ್ಲೆಕ್ಟರ್ ಆಗಿ ಮೆತ್ತಗಿನ ಬೆಳಕು ಚೆಲ್ಲತೈತಿ. ಹಿಂದಿನ ನೋಟನೂ ನೆರಳಿನ್ಯಾಗಿರಬೇಕು, ಹಿಂದ ಬಿಸಿಲಿದ್ರ ಅದೆಲ್ಲಾ ಬೆಳ್ಳಗ ಸುಡತೈತಿ. ಬೆಳಕು ಭಾಳ ಕೆಳಗಿನಿಂದ ಬಂದು ಗದ್ದದ ಕೆಳಗ ಹೊಳಪು ಕಂಡ್ರ ಇನ್ನೂ ಎರಡು ಹೆಜ್ಜಿ ಹಿಂದಕ್ಕ ಸರಸ್ರಿ. ಕಣ್ಣು ಕಿವುಚ್ತಿದ್ರ ‘ಕಣ್ಣು ಮುಚ್ಚರಿ, ಮೂರು ಅಂದಾಗ ತೆರೀರಿ’ ಅನ್ರಿ.

ಗಿಡನೂ ಇಲ್ಲ ಅಂದ್ರ ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ನಿಮ್ಮ ಜೋಡಿ ಇದ್ದವ್ರ ಕೈಯಾಗ ಒಂದು ಬಿಳೀ ಪಂಜಿ ಬಿಡಿಸಿ ಹಿಡಿಸ್ರಿ, ಮುಖದಿಂದ ಒಂದು ಮೀಟರ್ ದೂರಕ್ಕ. ಮಡಿಚಿ ಎರಡು ಪದರ ಮಾಡಿದ್ರ ಬೆಳಕು ಹೆಚ್ಚು ಹೊಳ್ಳಿ ಬರತೈತಿ.

ರಾಣೆಬೆನ್ನೂರು ಕೃಷ್ಣಮೃಗ

ಕ್ಯಾಮೆರಾ ಕಾಯುವ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ನಮ್ಮ ಕಡೆ ಎರೆಮಣ್ಣಿನ ಧೂಳು, ಬ್ಲೋವರಿನಿಂದ ಊದಿದರೆ ಹೋಗುತ್ತದೆ. ಉಪ್ಪು ಹಾಗಲ್ಲ. ಅಲೆಯ ತುಂತುರು ಒಣಗಿದಾಗ ಹರಳಾಗಿ ಕೂರುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಆ ಹರಳೇ ಗಾಜನ್ನು ಗೀರುತ್ತದೆ. ಗಾಳಿಯ ತೇವ ಹೀರಿಕೊಂಡು ತಿರುಪು, ಕೀಲು, ಯುಎಸ್‌ಬಿ ತೂತಿಗೆ ತುಕ್ಕು ಹಿಡಿಸುವುದೂ ಅದೇ. ದಿನಾ ಸಂಜೆ ಕುಡಿಯುವ ನೀರಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಕ್ಯಾಮೆರಾ ಮೈ ಒರೆಸಿ. ಆಮೇಲೆ ಒಣ ಬಟ್ಟೆ. ಲೆನ್ಸ್ ಮುಂದೆ ಒಂದು ಯುವಿ ಫಿಲ್ಟರ್ ಹಾಕಿಟ್ಟರೆ ಉಪ್ಪು ಅದರ ಮೇಲೆ ಬೀಳುತ್ತದೆ. ಪೋಲರೈಸರ್ ಹಾಕುವಾಗ ಅದನ್ನು ತೆಗೆಯಿರಿ, ಎರಡನ್ನೂ ಒಟ್ಟಿಗೆ ಹಾಕಿದರೆ ಮೂಲೆ ಕಪ್ಪಾಗುತ್ತದೆ. ದಂಡೆಯಲ್ಲಿ ಲೆನ್ಸ್ ಬದಲಾಯಿಸಬೇಡಿ. ಬೆಳಿಗ್ಗೆ ಕೋಣೆಯಲ್ಲೇ 50 ಎಂಎಂ ಹಾಕಿಕೊಂಡು ಹೋಗಿ, ಹತ್ತಕ್ಕೆ ಬಂದು ಕಿಟ್ ಲೆನ್ಸ್ ಹಾಕಿ.

ಇದಕ್ಕಿಂತ ಹೆಚ್ಚು ಜನ ಮೋಸಹೋಗುವುದು ಮಂಜಿನಿಂದ. ಎಸಿ ಕೋಣೆಯಲ್ಲಿ ರಾತ್ರಿಯಿಡೀ 22 ಡಿಗ್ರಿಯಲ್ಲಿದ್ದ ಕ್ಯಾಮೆರಾ ಬೆಳಿಗ್ಗೆ ಹೊರಗಿನ ತೇವದ ಗಾಳಿಗೆ ಬಂದ ಕೂಡಲೇ ಗಾಜಿನ ಮೇಲೆ ನೀರು ಕಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ನೀವು ಒರೆಸುತ್ತಿರುವಾಗ ಸೂರ್ಯೋದಯ ಮುಗಿದಿರುತ್ತದೆ. ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಹೊರಗೆ ತೆಗೆದು ಮುಚ್ಚಿ, ಹೊರಡುವ 40 ನಿಮಿಷ ಮೊದಲು ಬಾಲ್ಕನಿಯಲ್ಲೋ ಬಚ್ಚಲಲ್ಲೋ ಇಡಿ. ನೀರು ಚೀಲದ ಹೊರಗೆ ಕಟ್ಟಿ ಒಣಗುತ್ತದೆ. 5.20ಕ್ಕೆ ದಂಡೆಯಲ್ಲಿರಬೇಕಾದರೆ ನಾಲ್ಕೂಕಾಲಿಗೆ ಅಲಾರಂ ಇಟ್ಟು, ಚೀಲ ಹೊರಗಿಟ್ಟು, ಮತ್ತೆ ಅರ್ಧ ಗಂಟೆ ಮಲಗಿ.

ಚೀಲದಲ್ಲಿ 100 ಗ್ರಾಂ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಇರಲಿ. ಕಿತ್ತಳೆ ಬಣ್ಣದ್ದು ಹಸಿರಾದರೆ ತುಂಬಿತೆಂದು ಅರ್ಥ. ಮನೆಗೆ ಬಂದ ಮೇಲೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಧಾರವಾಡದ ಜಡಿಮಳೆಗೂ ಅದೇ ಬೇಕಾಗುತ್ತದೆ, ಗಾಳಿಯ ತೇವಾಂಶ 60% ದಾಟಿ ವಾರಗಟ್ಟಲೆ ನಿಂತರೆ ಲೆನ್ಸಿಗೆ ಬೂಷ್ಟು ಬರುತ್ತದೆ.

ಟ್ರೈಪಾಡನ್ನು ಉಸುಕಲ್ಲಿ ಇಡುವಾಗ ಎಲ್ಲಕ್ಕಿಂತ ಕೆಳಗಿನ ತುಂಡನ್ನು ಮೊದಲು ಒಂದು ಗೇಣು ಹೊರಗೆ ಎಳೆಯಿರಿ, ಆಗ ಬೀಗ ನೀರಿಗಿಂತ ಮೇಲಿರುತ್ತದೆ. ಬೀಗದೊಳಗೆ ಉಸುಕು ಸೇರಿದರೆ ಮುಗಿಯಿತು. ಕೋಣೆಗೆ ಬಂದು ಸಿಹಿನೀರಲ್ಲಿ ತೊಳೆದು, ಕಾಲು ಬಿಚ್ಚಿಯೇ ಒಣಗಿಸಿ. ಅಲೆ ಬಡಿಯುವ ಉಸುಕಲ್ಲಿ ಟ್ರೈಪಾಡ್ ಮೆಲ್ಲಗೆ ಕುಸಿಯುತ್ತದೆ, ಉದ್ದ ಎಕ್ಸ್‌ಪೋಷರ್ ಕಲಸಿಹೋಗುತ್ತದೆ. ಶಟರ್ ಒತ್ತುವ ಮೊದಲು ಕಾಲುಗಳನ್ನು ಒತ್ತಿ ಹೂಳಿ, ಎರಡು ಅಲೆ ಹೋಗಲು ಬಿಡಿ.

ದುರ್ಗದಬೈಲ್ ಸಂಜಿ (ಹುಬ್ಬಳ್ಳಿ)

ಫೋನ್ ಬಗ್ಗೆ ನಾನು ಹೇಳ್ತೇನಿ. ಮೊದಲ ಶತ್ರು ಸನ್‌ಸ್ಕ್ರೀನ್ ಮತ್ತ ಕೊಬ್ಬರಿ ಎಣ್ಣಿ. ಆ ಕೈಲೆ ಲೆನ್ಸ್ ಮುಟ್ಟಿದ್ರ ಎಲ್ಲಾ ಫೋಟೊ ಮಸಕು ಬರ್ತಾವ, ಬಿಸಿಲಿನ ಕಡೆ ತಿರುಗಿಸಿದ್ರ ಬಿಳೀ ಗೆರಿ ಬೀಳತಾವ. ಅಂಗಿ ತುದಿಲೆ ಒರಸ್ಕೋತ ಇರ್ರಿ, ಉಸುಕು ಇಲ್ಲದ ತುದಿ ನೋಡಿ.

ಐಪಿ68 (ನೀರು ತಡೀತೈತಿ ಅನ್ನೋ ಗುರುತು) ಅಂತ ನಂಬಿ ಫೋನ್ ಕಡಲಿಗೆ ಇಳಸಬ್ಯಾಡ್ರಿ, ಆ ಪರೀಕ್ಷೆ ಸಿಹಿನೀರಿಂದು. ನೀರು ಹೋಗದ ಪೌಚ್ ತಗೊಂಡ್ರ ಮೊದಲು ಒಳಗ ಟಿಶ್ಯೂ ಕಾಗದ ಇಟ್ಟು ಅರ್ಧ ತಾಸು ಬಕೆಟ್ಟಿನಾಗ ಮುಳುಗಿಸಿ ನೋಡ್ರಿ. ನೀರೊಳಗ ಪರದೆ ಬೆರಳು ಗುರುತಿಸಂಗಿಲ್ಲ, ಅದಕ್ಕ ವಿಡಿಯೊ ಮ್ಯಾಲೆನ ಚಾಲೂ ಮಾಡಿ ಇಳೀರಿ, ಇಲ್ಲಾ ವಾಲ್ಯೂಮ್ ಬಟನ್‌ಲೆ ಹೊಡೀರಿ. ಎಲಿಫೆಂಟ್ ಬೀಚಿನಾಗ ಸ್ನಾರ್ಕ್ಲಿಂಗ್ ಮಾಡುವಾಗ ಎಲ್ಲಾ ನೀಲಿ ಬರಾಕ ಕಾರಣ ಏನಂದ್ರ ನಾಕೈದು ಮೀಟರ್ ಆಳದಾಗ ಕೆಂಪು ಹೆಚ್ಚು ಕಡಿಮಿ ಹೋಗೇ ಬಿಟ್ಟಿರತೈತಿ. ಒಂದು ಮೀಟರ್ ಒಳಗ ಹತ್ರ ಹೋಗಿ ತೆಗೀರಿ, ಹವಳಕ್ಕ ಕಾಲು ತಾಗಬಾರದು.

ಬ್ಯಾಟರಿ, ಪವರ್ ಬ್ಯಾಂಕ್ ವಿಮಾನದಾಗ ಕೈಚೀಲದಾಗ ಅಷ್ಟ, ಕೆಳಗ ಹಾಕೋ ಪೆಟ್ಟಿಗೆಯೊಳಗ ಬ್ಯಾಡ. 20,000 ಎಂಎಎಚ್ ಅಂದ್ರ 74 ವಾಟ್-ಅವರ್, 100ರ ಮಿತಿಯೊಳಗ ಬರತೈತಿ. ಚೆನ್ನೈನಿಂದ ಕಡಲ ತಳದ ಕೇಬಲ್ 2020ರ ಆಗಸ್ಟಿನಾಗ ಚಾಲೂ ಆದ ಮ್ಯಾಲೆ ನೆಟ್ ಸುಧಾರಿಸೇತಿ, ಆದ್ರೂ ರಾ ಕಡತ ಕ್ಲೌಡಿಗೆ ಏರಸ್ತೇನಂದ್ರ ಆಗಂಗಿಲ್ಲ. ರಾತ್ರಿ ಎಸ್‌ಎಸ್‌ಡಿಗೆ ಇಳಸ್ರಿ, ಕಾರ್ಡು ಅಳಸಬ್ಯಾಡ್ರಿ. ರೊಕ್ಕನೂ ಕೈಯಾಗ ಇರಲಿ, ನೆಟ್ ಹೋದ್ರ ಯುಪಿಐ ನಡಿಯಂಗಿಲ್ಲ.

ಇನ್ನ ಫೋಟೊ ಅವರಿಗೆ ಮುಟ್ಟಿಸೋದು. ‘ಕಳಸ್ತೇವಿ’ ಅಂದು ಕಳಸದ ಪ್ರವಾಸಿಗಳು ಭಾಳ, ಅದಕ್ಕ ಹೇಳಿದ್ರ ಕಳಸಲೇಬೇಕು. ವಾಟ್ಸಾಪ್ ಅಲ್ಲೇ ಮಾಡಬಹುದು, ಆದ್ರ ಕಾಗದದ ಫೋಟೊ ಮನ್ಯಾಗ ಗ್ವಾಡಿ ಮ್ಯಾಲೆ ಉಳೀತೈತಿ. 4×6 ಇಂಚಿಗೆ 1200×1800 ಪಿಕ್ಸೆಲ್ ಸಾಕು. ಫೋನಿನ ಫೋಟೊ 4:3 ಅಳತಿದು, ಪ್ರಿಂಟ್ 3:2. ನಿಂತ ಫೋಟೊ ಆಗಿದ್ರ ಎರಡೂ ಬಾಜು ಕತ್ತರಿಸಿ ಹೋಗತೈತಿ, ಅಡ್ಡ ಫೋಟೊದಾಗ ಮ್ಯಾಲೆ ಕೆಳಗ. ಅದಕ್ಕ ತೆಗೆಯುವಾಗ ಸುತ್ತ ಜಾಗ ಬಿಡ್ರಿ. ಗ್ಲಾಸಿ ಬ್ಯಾಡ, ಆ ತೇವಕ್ಕ ಒಂದಕ್ಕೊಂದು ಅಂಟತಾವ. ಮ್ಯಾಟ್ ಕಾಗದ, ನಡುವ ಬಟರ್ ಪೇಪರ್, ಹಿಂದ ಮುಂದ ರಟ್ಟು ಹಾಕಿ ಸ್ಪೀಡ್ ಪೋಸ್ಟ್ ಮಾಡ್ರಿ.

ಸಪ್ತಾಪುರ ಬಾವಿ (ಧಾರವಾಡ)

ಬಾರಾಟಾಂಗ್ ತಗದೇವಿ, ಡ್ರೋನ್ ಇಲ್ಲ. ನೀಲ್ ಎರಡು ರಾತ್ರಿ ಮಾಡಿ ಪೋರ್ಟ್ ಬ್ಲೇರ್ ಒಂದಕ್ಕ ಇಳಿಸಿದೇವಿ. ಇನ್‌ಸ್ಟಂಟ್ ಕ್ಯಾಮೆರಾ ಒಂದು ಎರವಲು ಸಿಗ್ತದ, ಅಲ್ಲೇ ಕೈಗೆ ಕೊಟ್ರ ಹೆಂಗ? ವಿಳಾಸ ಬರಕೊಳ್ಳೋದು ಗೊಂದಲ ಆಗ್ತದೇನು ಅಂತ.

ದುರ್ಗದಬೈಲ್ ಸಂಜಿ (ಹುಬ್ಬಳ್ಳಿ)

ಕೊಡಬಹುದು ಅಕ್ಕಾರ, ಆದ್ರ ಫಿಲ್ಮ್ 5ರಿಂದ 40 ಡಿಗ್ರಿ ನಡುವ ಇರಬೇಕು. ಬಿಸಿಲಿನ್ಯಾಗ ನಿಂತ ಕಾರಿನಾಗ ಬಿಟ್ರ ಬಣ್ಣ ಕೆಡತೈತಿ. ಕೆಳಗಿನ ಪೆಟ್ಟಿಗೆಯ ಎಕ್ಸ್-ರೇ ಇನ್ನೂ ಜೋರು ಇರತೈತಿ, ಅದಕ್ಕ ಫಿಲ್ಮ್ ಕೈಚೀಲದಾಗ ಒಯ್ದು ಕೈಲೆ ನೋಡ್ರಿ ಅಂತ ವಿನಂತಿ ಮಾಡ್ಕೋರಿ. ಬಿಳೀ ಉಸುಕಿನ ಮ್ಯಾಲೆ ತೆಗದ್ರ ಮುಖ ಕರ್ರಗ ಬರತೈತಿ, ನೆರಳಿನ್ಯಾಗ ತೆಗೀರಿ. ಹೊರಗ ಬಂದ ಫೋಟೊ ಬೀಸಬ್ಯಾಡ್ರಿ, ಬಿಸಿಲಿಗೂ ಹಿಡೀಬ್ಯಾಡ್ರಿ, ಅಂಗಿ ಕಿಸೆದಾಗ ಮುಚ್ಚಿ ಇಡ್ರಿ.

ವಿಳಾಸಕ್ಕ ಒಂದು ಸಣ್ಣ ನೋಟ್‌ಬುಕ್ ಒಯ್ಯಿರಿ. ಅವರ ಕೈಲೆನ ಬರಸ್ರಿ, ಬಂಗಾಳಿಯೊಳಗ ಬರದ್ರೂ ಅಡ್ಡಿ ಇಲ್ಲ. ಕೆಳಗ ಊರಿನ ನಂಬರ್ (ಹ್ಯಾವ್‌ಲಾಕಿನ ಊರುಗಳನ್ನ ನಂಬರಿನಿಂದನೂ ಕರೀತಾರ), ಪಿನ್ ಕೋಡ್ ಮತ್ತ ಫೋನ್ ನಂಬರ್ ನೀವು ಬರ್ಕೋರಿ. ಹ್ಯಾವ್‌ಲಾಕಿನ ಪಿನ್ 744211. ಬರದ ಕೂಡಲೇ ಆ ಹಾಳಿಯದೊಂದು ಫೋಟೊ ಅದ ಕ್ಯಾಮೆರಾದಾಗ ತೆಗೀರಿ, ಅವರ ಫೋಟೊದ ಹಿಂದ ಅವರ ವಿಳಾಸನ ಬಂದು ಕುಂದ್ರತೈತಿ, ಮನಿಗೆ ಬಂದ ಮ್ಯಾಲೆ ಯಾರ್ದು ಯಾವ್ದು ಅಂತ ಹುಡುಕೋದು ಉಳಿಯಂಗಿಲ್ಲ.